ಗಾಯವೋ, ಕಾಲಹರಣವೋ: ಫುಟ್‌ಬಾಲ್ ರೆಫರಿ ಮೈದಾನದಲ್ಲಿ ಮಾಡಬೇಕಾದ್ದು

ಒಂದು ಗೋಲಿನ ಮುನ್ನಡೆ, 83ನೇ ನಿಮಿಷ. ಮುಂದಿರುವ ತಂಡದ ಡಿಫೆಂಡರ್ ಚೆಂಡಿಗಾಗಿ ಜಿಗಿದವನು ಕೆಳಗೆ ಬಿದ್ದು ಏಳುತ್ತಿಲ್ಲ. ಒಂದು ಬೆಂಚಿನವರು ಆಟ ನಿಲ್ಲಿಸಿ ಎಂದು ಕೂಗುತ್ತಾರೆ, ಇನ್ನೊಂದು ಬೆಂಚಿನವರು ನಾಟಕ, ನಾಟಕ ಎನ್ನುತ್ತಾರೆ. ರೆಫರಿಗೆ ಸಿಗುವುದು ನಾಲ್ಕೈದು ಸೆಕೆಂಡು.

ಆ ನಾಲ್ಕೈದು ಸೆಕೆಂಡಿನಲ್ಲಿ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಬಗೆಹರಿಸಲು ಹೋಗುವುದೇ ಹೆಚ್ಚಿನ ಎಡವಟ್ಟಿಗೆ ಕಾರಣ. ಇವನಿಗೆ ಅಪಾಯವಿದೆಯೇ ಎಂಬುದು ಒಂದು ಪ್ರಶ್ನೆ. ಇವನು ಸಮಯ ತಿನ್ನುತ್ತಿದ್ದಾನೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಈ ಕ್ಷಣವೇ ಬೇಕು, ಅನುಮಾನ ಬಂದರೆ ತೀರ್ಮಾನ ಬಿದ್ದವನ ಪರವಾಗಿಯೇ ಇರಬೇಕು. ಎರಡನೆಯದಕ್ಕೆ ಅವಸರವಿಲ್ಲ, ಅದನ್ನು ಗಡಿಯಾರ ನೋಡಿಕೊಳ್ಳುತ್ತದೆ. ಕಳೆದುಹೋದ ಸಮಯವನ್ನು ಲೆಕ್ಕ ಹಾಕಿ ಪೂರ್ತಿ ವಾಪಸ್ ಕೊಡುವ ರೆಫರಿಗೆ, ಬಿದ್ದವನು ಸುಳ್ಳು ಹೇಳುತ್ತಿದ್ದಾನೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಕಾದ ಸಂದರ್ಭವೇ ಅಪರೂಪ. ಬಿದ್ದುಕೊಂಡು ಲಾಭವಿಲ್ಲ ಎಂದು ಗೊತ್ತಾದ ತಂಡ ತಾನಾಗಿಯೇ ಎದ್ದು ಆಡುತ್ತದೆ.

ಇದು ವಿಎಆರ್ (ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇಲ್ಲದ, ಗೆರೆಯಾಚೆ ನಿಂತು ಬದಲಾವಣೆ, ಸಮಯ ನೋಡಿಕೊಳ್ಳುವ ನಾಲ್ಕನೇ ಅಧಿಕಾರಿಯೂ ಇಲ್ಲದ ಪಂದ್ಯಗಳನ್ನು ನಡೆಸುವವರಿಗಾಗಿ ಬರೆದದ್ದು. ನಿಯಮಗಳೆಲ್ಲ ಫುಟ್‌ಬಾಲ್ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿಯಾದ ಐಎಫ್‌ಎಬಿಯ 2025–26ರ ಆವೃತ್ತಿಯವು. ಪ್ರತಿ ವರ್ಷ ಜುಲೈ 1ರಿಂದ ತಿದ್ದುಪಡಿಗಳು ಜಾರಿಗೆ ಬರುತ್ತವೆ, ಅದರಲ್ಲೂ ಕಾಲಹರಣದ ನಿಯಮಗಳು ಈಚೆಗೆ ಬೇಗ ಬೇಗ ಬದಲಾಗುತ್ತಿವೆ. ಟೂರ್ನಿ ಶುರುವಾಗುವ ಮುಂಚೆ ಚಾಲ್ತಿಯಲ್ಲಿರುವ ನಿಯಮವನ್ನೂ ಆಯೋಜಕರ ನಿಯಮಪಟ್ಟಿಯನ್ನೂ ಒಮ್ಮೆ ಓದಿಕೊಳ್ಳಿ.

ಮೊದಲ ಸೀಟಿಗೆ ಮುಂಚೆ

ಎರಡು ವಾಚು ಕಟ್ಟಿಕೊಳ್ಳಿ. ಒಂದು 0ಯಿಂದ 45ರವರೆಗೆ ನಿಲ್ಲದೆ ಓಡಬೇಕು, ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಇನ್ನೊಂದು ಸ್ಟಾಪ್‌ವಾಚು, ಅದು ನಷ್ಟವಾದ ಸಮಯಕ್ಕೆ ಮಾತ್ರ. ಗಾಯ, ಬದಲಾವಣೆ, ಕಾರ್ಡಿನ ಗಲಾಟೆ ಶುರುವಾದಾಗ ಇದನ್ನು ಓಡಿಸಿ, ಆಟ ಮತ್ತೆ ಶುರುವಾದಾಗ ನಿಲ್ಲಿಸಿ. ಸೊನ್ನೆಗೆ ತರಬೇಡಿ, ಒಟ್ಟು ಸೇರುತ್ತಾ ಹೋಗಲಿ. 45ನೇ ನಿಮಿಷದಲ್ಲಿ ಆ ವಾಚಿನಲ್ಲಿ ಕಾಣುವುದೇ ಇಂಜುರಿ ಟೈಮ್. ಎರಡನೇ ವಾಚಿಲ್ಲದಿದ್ದರೆ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳಿ: 61.20–63.05, ಗಾಯ. ನೆನಪಿನ ಮೇಲೆ ಭರವಸೆ ಇಡಬೇಡಿ. ದಣಿದ ತಲೆ ಮೂರು ನಿಮಿಷದ ತಡೆಯನ್ನು ಒಂದೂವರೆ ನಿಮಿಷ ಎಂದು ನೆನಪಿಟ್ಟುಕೊಳ್ಳುತ್ತದೆ.

ಎರಡೂ ತಂಡಗಳಲ್ಲಿ ಚಿಕಿತ್ಸೆಗೆ ಒಳಗೆ ಬರುವವರು ಯಾರು ಎಂದು ಕೇಳಿ, ಮುಖ ನೋಡಿಟ್ಟುಕೊಳ್ಳಿ. ಸ್ಟ್ರೆಚರ್ ಎಲ್ಲಿದೆ, ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ, ಆಂಬುಲೆನ್ಸ್ ಯಾವ ಗೇಟಿನಿಂದ ಬರಬೇಕು, ಆ ಗೇಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನೂ ಕೇಳಿ. ಬೀಗದ ಕೈಯ ಪ್ರಶ್ನೆ ಸಣ್ಣದೆನಿಸಬಹುದು. ಬೇಕಾದ ದಿನ ಹುಡುಕುತ್ತಾ ಕೂರಲು ಸಮಯ ಇರುವುದಿಲ್ಲ.

ನಾಯಕರಿಬ್ಬರನ್ನೂ ಕರೆದು ಎರಡೇ ವಾಕ್ಯ ಹೇಳಿ: "ತಲೆಗೆ ಪೆಟ್ಟಾದರೆ ತಕ್ಷಣ ಆಟ ನಿಲ್ಲಿಸುತ್ತೇನೆ. ವ್ಯರ್ಥವಾದ ಪ್ರತಿ ಸೆಕೆಂಡನ್ನೂ ಕೊನೆಯಲ್ಲಿ ಸೇರಿಸುತ್ತೇನೆ." ಉದ್ದ ಭಾಷಣ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಯೋಚಿಸದೆ ಸೀಟಿ ಊದಬೇಕಾದ ಸಂದರ್ಭಗಳು

ಯಾರೂ ಮುಟ್ಟದೆ ಆಟಗಾರ ಕುಸಿದು ಬಿದ್ದರೆ, ಅದು ಹೃದಯ ಸ್ತಂಭನ ಎಂದೇ ಭಾವಿಸಿ. 2003ರ ಜೂನ್ 26ರಂದು ಲಿಯಾನ್‌ನಲ್ಲಿ ಕ್ಯಾಮರೂನಿನ ಮಾರ್ಕ್ ವಿವಿಯನ್ ಫೋ ಮೈದಾನದ ನಡುವೆ ಕುಸಿದಾಗ ಹತ್ತಿರದಲ್ಲಿ ಎದುರಾಳಿ ಇರಲಿಲ್ಲ. ಅವರು ಉಳಿಯಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಥ್ರೋ-ಇನ್ ಪಡೆಯಲು ಬರುತ್ತಲೇ ಮುಂದಕ್ಕೆ ಬಿದ್ದರು. ರೆಫರಿ ಆಂಥೊನಿ ಟೇಲರ್ ಕೂಡಲೇ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ಮೈದಾನದಲ್ಲೇ ಎದೆ ಒತ್ತಿ, ಶಾಕ್ ಕೊಟ್ಟು ಅವರನ್ನು ಉಳಿಸಿಕೊಂಡರು.

ಹೃದಯ ನಿಂತವನ ಕೈಕಾಲು ಕೆಲವು ಸೆಕೆಂಡು ಅದುರಬಹುದು, ನೋಡಿದವರು ಮೂರ್ಛೆರೋಗ ಎಂದುಕೊಳ್ಳುತ್ತಾರೆ. ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯಬಹುದು, ನೋಡಿದವರು ಉಸಿರಾಟವಿದೆ ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಕರೆದರೆ ಓಗೊಡುತ್ತಿಲ್ಲ, ಎದೆ ಸಹಜವಾಗಿ ಏರಿಳಿಯುತ್ತಿಲ್ಲ ಎಂದಾದರೆ ಎದೆ ಒತ್ತುವುದನ್ನು ಶುರು ಮಾಡಬೇಕು. ಇದನ್ನು ನೋಡಲು 10 ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎಇಡಿ ಬಂದ ಕೂಡಲೇ ಹಚ್ಚಬೇಕು. ವೈದ್ಯರಿಲ್ಲದ ಪಂದ್ಯದಲ್ಲಿ ಕಲಿತವರು ಯಾರಿದ್ದರೂ ಒತ್ತಲಿ. ನಾಲಿಗೆ ಹೊರಗೆಳೆಯುತ್ತೇವೆಂದು ಬಾಯಿಗೆ ಬೆರಳು ಹಾಕುವ ಸಹ ಆಟಗಾರರನ್ನು ತಡೆಯಿರಿ. ಅಮೂಲ್ಯ ಸಮಯ ಅದರಲ್ಲೇ ಹೋಗುತ್ತದೆ.

ತಲೆಗೆ ತಲೆ, ತಲೆಗೆ ಮೊಣಕೈ, ತಲೆಗೆ ಗೋಲ್‌ಪೋಸ್ಟ್ ಬಡಿದರೂ ತಕ್ಷಣ ಸೀಟಿ. ಎದುರಾಳಿ ಗೋಲಿನತ್ತ ನುಗ್ಗುತ್ತಿದ್ದರೂ ಸರಿ. ಪ್ರಜ್ಞೆ ತಪ್ಪಿರಲೇಬೇಕೆಂದಿಲ್ಲ. ಎದ್ದವನು ತೂರಾಡಿದರೆ, ಶೂನ್ಯವಾಗಿ ನೋಡಿದರೆ, ತನ್ನ ಜಾಗಕ್ಕೆ ಹೋಗದೆ ಬೇರೆಲ್ಲೋ ನಿಂತರೆ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆದ ಆಘಾತ) ಎಂದೇ ತಿಳಿಯಿರಿ. ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ: ಇದು ಯಾವ ಮೈದಾನ? ಈಗ ಮೊದಲ ಅರ್ಧವೋ ಎರಡನೆಯದೋ? ಕೊನೆಯ ಗೋಲು ಹೊಡೆದವರು ಯಾರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ದು, ಗೆದ್ದಿರಾ? 2014ರ ವಿಶ್ವಕಪ್ ಫೈನಲ್‌ನಲ್ಲಿ ತಲೆಗೆ ಪೆಟ್ಟು ತಿಂದ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಆಟ ಮುಂದುವರಿಸಿದ್ದರು. ಇದು ಫೈನಲ್ ಪಂದ್ಯವೇ ಎಂದು ಅವರು ರೆಫರಿ ನಿಕೊಲಾ ರಿಝೋಲಿಯನ್ನೇ ಕೇಳಿದರು, ರಿಝೋಲಿ ಅದನ್ನು ಜರ್ಮನಿಯ ಆಟಗಾರರಿಗೆ ತಿಳಿಸಿದರು. ಕ್ರಾಮರ್ 31ನೇ ನಿಮಿಷದಲ್ಲಿ ಹೊರಗೆ ಹೋದರು. ಎರಡನೇ ಪೆಟ್ಟು ಬಿದ್ದಿದ್ದರೆ ಎಂದು ಯೋಚಿಸಿದರೆ ಮೈ ನಡುಗುತ್ತದೆ.

"ನಾನು ಚೆನ್ನಾಗಿದ್ದೇನೆ" ಎಂದು ಆಟಗಾರ ಹೇಳುವುದು ಇಲ್ಲಿ ಸಾಕ್ಷಿಯಾಗುವುದಿಲ್ಲ. ಪೆಟ್ಟು ಬಿದ್ದಿರುವುದು ತೀರ್ಮಾನ ಮಾಡುವ ಅಂಗಕ್ಕೇ. ಕತ್ತು ನೋವು, ಎರಡೆರಡು ಕಾಣುವುದು, ಕೈಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಸೆಳವು, ಹೊತ್ತು ಹೋದಂತೆ ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಕತ್ತಿನ ಅನುಮಾನವಿದ್ದರೆ ಅವನನ್ನು ಕೂರಿಸಲು, ಎತ್ತಲು ಯಾರನ್ನೂ ಬಿಡಬೇಡಿ. ಸಹ ಆಟಗಾರರು ಪ್ರೀತಿಯಿಂದಲೇ ತೋಳು ಹಿಡಿದು ಎಳೆಯುತ್ತಾರೆ, ಹಾನಿ ಆಗುವುದು ಆಗಲೇ.

ಕನ್‌ಕಷನ್‌ಗೆ ಹೆಚ್ಚುವರಿ ಬದಲಿ ಆಟಗಾರನನ್ನು ಇಳಿಸುವ ಅವಕಾಶ 2024ರ ಜುಲೈನಿಂದ ನಿಯಮಪುಸ್ತಕದಲ್ಲೇ ಇದೆ, ಆದರೆ ಅದನ್ನು ಬಳಸುವುದು ಟೂರ್ನಿಯವರ ಆಯ್ಕೆ. ನಿಮ್ಮ ಟೂರ್ನಿಯಲ್ಲಿ ಇದೆಯೇ ಎಂದು ಮುಂಚೆಯೇ ತಿಳಿದುಕೊಳ್ಳಿ. ಹಾಗೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ.

ಉಳಿದ ಗಾಯಗಳು: ದೇಹ ಏನು ಹೇಳುತ್ತದೆ

ಸಣ್ಣ ಪೆಟ್ಟಾದರೆ ಚೆಂಡು ಹೊರಗೆ ಹೋಗುವವರೆಗೆ ಆಟ ಬಿಡಬೇಕು, ದೊಡ್ಡ ಪೆಟ್ಟಾದರೆ ನಿಲ್ಲಿಸಬೇಕು ಎನ್ನುತ್ತದೆ ಐದನೇ ನಿಯಮ. ಯಾವುದು ಸಣ್ಣದು, ಯಾವುದು ದೊಡ್ಡದು ಎಂಬುದನ್ನು ನಿಮ್ಮ ಕಣ್ಣೇ ಹೇಳಬೇಕು.

ಜೋರಾಗಿ ಕಿರುಚುತ್ತಾ ಉರುಳುವವನಿಗಿಂತ ಸದ್ದಿಲ್ಲದೆ ಬಿದ್ದಿರುವವನ ಕಡೆ ಮೊದಲು ನೋಡಿ. ಮೂಳೆ ಮುರಿದವರು, ಮೊಣಕಾಲಿನ ಲಿಗಮೆಂಟ್ ಹರಿದವರು ಒಂದು ಚೀತ್ಕಾರದ ಬಳಿಕ ಅಲುಗಾಡದೆ ಆ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಕೂರುವುದೇ ಹೆಚ್ಚು, ಅಲುಗಿದರೆ ನೋವು ಹೆಚ್ಚುತ್ತದೆ ಎಂದು ದೇಹಕ್ಕೆ ಗೊತ್ತು. ಮೊಣಕಾಲಿನ ಗಾಯ ಎಷ್ಟೋ ಸಲ ಯಾರೂ ಮುಟ್ಟದೆಯೇ ಆಗುತ್ತದೆ: ಓಡುತ್ತಾ ದಿಕ್ಕು ಬದಲಿಸಿದಾಗ, ಜಿಗಿದು ಒಂದೇ ಕಾಲಿನ ಮೇಲೆ ಇಳಿದಾಗ. "ಯಾರೂ ಮುಟ್ಟಿಲ್ಲವಲ್ಲ, ಏಳು" ಎಂದು ಹೇಳಿಬಿಡಬೇಡಿ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದವನು ಹಿಂದಕ್ಕೆ ತಿರುಗಿ ನೋಡುತ್ತಾನೆ, ಯಾರೋ ಹಿಂದಿನಿಂದ ಒದ್ದಂತೆ ಅವನಿಗೆ ಅನಿಸಿರುತ್ತದೆ. ಹಿಂದೆ ಯಾರೂ ಇಲ್ಲದಿದ್ದರೂ ಅವನು ಫೌಲ್ ಎಂದು ಕೈ ಎತ್ತಿದರೆ ಅದು ನಾಟಕ ಅಲ್ಲ. ತೊಡೆಯ ಹಿಂಭಾಗದ ಸ್ನಾಯು ಹರಿದವನು ಪೂರ್ತಿ ವೇಗದ ಓಟದ ನಡುವೆ ಥಟ್ಟನೆ ಕುಂಟಿ, ತೊಡೆಯ ಹಿಂದೆ ಕೈ ಇಟ್ಟುಕೊಂಡು ನಿಲ್ಲುತ್ತಾನೆ.

ಹೊಟ್ಟೆಗೆ ಪೆಟ್ಟು ಬಿದ್ದು ಉಸಿರು ಕಟ್ಟಿದವನು ಮಾತಾಡಲಾರ, ಮಂಡಿ ಮಡಚಿ ಒದ್ದಾಡುತ್ತಾನೆ. ನೋಡಲು ಭಯವಾದರೂ ಇದು ಸಾಮಾನ್ಯವಾಗಿ ನಿಮಿಷದೊಳಗೆ ಸರಿಹೋಗುತ್ತದೆ. ಹಾಗಾಗದಿದ್ದರೆ ವೈದ್ಯರು ಬೇಕು. ಮೀನಖಂಡದ ಸೆಳೆತ ಕೊನೆಯ 20 ನಿಮಿಷದ ಅತಿಥಿ, ನಿಜವೂ ಹೌದು, ಕಾಲಹರಣದ ನೆಚ್ಚಿನ ನೆಪವೂ ಹೌದು. ನಿಜವಾದ ಸೆಳೆತದಲ್ಲಿ ಸ್ನಾಯು ಗಂಟು ಕಟ್ಟಿರುವುದು ಕಾಣುತ್ತದೆ, ಪಾದದ ಬೆರಳುಗಳನ್ನು ಮೊಣಕಾಲಿನತ್ತ ಒತ್ತಿದರೆ ಅರ್ಧ ನಿಮಿಷದಲ್ಲಿ ಸಡಿಲವಾಗುತ್ತದೆ. ಇದಕ್ಕೆ ಆಟ ನಿಲ್ಲಿಸಬೇಕಿಲ್ಲ.

ಹತ್ತಿರ ಹೋದಾಗ ಎರಡೇ ಪ್ರಶ್ನೆ: "ಎಲ್ಲಿ ನೋವು? ಫಿಸಿಯೋ ಬೇಕಾ?" ಬೇಕು ಎಂದರೆ ಕೈ ಬೀಸಿ ಕರೆಯಿರಿ, ಹಾಗೆ ಕರೆದ ಗಳಿಗೆಯಿಂದ ಅವನು ಮೈದಾನ ಬಿಡಲೇಬೇಕು ಎಂಬುದನ್ನೂ ಅಲ್ಲೇ ಹೇಳಿ. ಬೇಡ ಎಂದರೆ "ಹಾಗಾದರೆ ಏಳಿ, ಆಟ ಶುರು ಮಾಡೋಣ". ಈ ಒಂದು ಮಾತಿಗೆ ಅರ್ಧಕ್ಕರ್ಧ ಜನ ಎದ್ದು ನಿಲ್ಲುತ್ತಾರೆ.

ಹೊರಗೆ ಹೋಗುವುದು, ಒಳಗೆ ಬರುವುದು

ಚಿಕಿತ್ಸೆಗೆ ಯಾರಾದರೂ ಒಳಗೆ ಬಂದರೆ ಗಾಯಾಳು ನಡೆದೋ ಸ್ಟ್ರೆಚರ್ ಮೇಲೋ ಹೊರಗೆ ಹೋಗಬೇಕು, ಒಪ್ಪದಿದ್ದರೆ ಹಳದಿ ಕಾರ್ಡ್. ಆಟ ಮತ್ತೆ ಶುರುವಾದ ಮೇಲಷ್ಟೇ, ನಿಮ್ಮ ಸನ್ನೆ ಪಡೆದು ಒಳಗೆ ಬರಬಹುದು. ಚೆಂಡು ಆಟದಲ್ಲಿದ್ದರೆ ಟಚ್‌ಲೈನ್‌ನಿಂದ (ಮೈದಾನದ ಉದ್ದದ ಬದಿಯ ಗೆರೆ) ಮಾತ್ರ, ಇಲ್ಲದಿದ್ದರೆ ಯಾವ ಗೆರೆಯಿಂದಲಾದರೂ ಸರಿ. ರಕ್ತ ಸೋರುತ್ತಿದ್ದವನು ರಕ್ತ ನಿಂತ ಮೇಲೆ, ಬಟ್ಟೆಯಲ್ಲಿ ರಕ್ತವಿಲ್ಲ ಎಂದು ಖಾತ್ರಿಯಾದ ಮೇಲೆ ಬರಬೇಕು. ಕಾರ್ಡ್ ಕೊಡಬೇಕಾದ ಆಟಗಾರನೇ ಗಾಯಗೊಂಡಿದ್ದರೆ ಅವನು ಹೊರಗೆ ಹೋಗುವ ಮುಂಚೆ ತೋರಿಸಿ.

ಹೊರಗೆ ಹೋಗಬೇಕಿಲ್ಲದವರೂ ಇದ್ದಾರೆ, ರೆಫರಿಗಳು ಮೋಸ ಹೋಗುವುದು ಇಲ್ಲೇ. ಗೋಲ್‌ಕೀಪರ್, ಗೋಲ್‌ಕೀಪರ್ ಜೊತೆ ಡಿಕ್ಕಿಯಾದ ಆಟಗಾರ, ಪರಸ್ಪರ ಡಿಕ್ಕಿಯಾದ ಒಂದೇ ತಂಡದವರು, ತೀವ್ರ ಗಾಯವಾದವರು, ಪೆನಾಲ್ಟಿ ಸಿಕ್ಕಿದ್ದು ಅದನ್ನು ಒದೆಯಬೇಕಾದ ಗಾಯಾಳು. ಎದುರಾಳಿಗೆ ಹಳದಿ ಅಥವಾ ಕೆಂಪು ಕಾರ್ಡ್ ತಂದ ಒರಟು ಫೌಲ್‌ನಿಂದ ಗಾಯಗೊಂಡವನೂ ಇದರಲ್ಲಿ ಸೇರುತ್ತಾನೆ, ಆದರೆ ಚಿಕಿತ್ಸೆ ಬೇಗ ಮುಗಿಯಬೇಕು. ಬೇಗ ಎಂದರೆ, ಎಲ್ಲರೂ ಆಟಕ್ಕೆ ಸಿದ್ಧರಾದ ಬಳಿಕ ಸುಮಾರು 20ರಿಂದ 25 ಸೆಕೆಂಡು. ಈ ವಿನಾಯಿತಿ ಇರುವುದು ನ್ಯಾಯಕ್ಕಾಗಿ: ಒದೆಸಿಕೊಂಡ ತಂಡ ಹತ್ತು ಜನರಲ್ಲಿ ಆಡುವಂತಾಗಬಾರದು. ಇದನ್ನು ಮರೆತು ಫೌಲ್ ತಿಂದವನನ್ನೇ ಹೊರಗೆ ಕಳುಹಿಸಿ, ಆ ಫ್ರೀ ಕಿಕ್‌ನಲ್ಲಿ ಅವನ ತಂಡ ಒಬ್ಬ ಕಡಿಮೆ ಇರುವಂತೆ ಮಾಡುವುದನ್ನು ಕಾಣುತ್ತಲೇ ಇರುತ್ತೇವೆ.

ಹೊರಗೆ ಹೋದವನು ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಕೆಲವು ಲೀಗುಗಳು ತಮ್ಮದೇ ಕಟ್ಟಳೆ ಮಾಡಿಕೊಂಡಿವೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2023–24ರಲ್ಲಿ 30 ಸೆಕೆಂಡಿನ ಕಾಯುವಿಕೆ ತಂದಿತು. ಅಮೆರಿಕದ ಮೇಜರ್ ಲೀಗ್ ಸಾಕರ್ 2024ರಲ್ಲಿ ಇನ್ನೂ ಬಿಗಿ ಮಾಡಿತು: ಆಟಗಾರ 15 ಸೆಕೆಂಡಿಗಿಂತ ಹೆಚ್ಚು ನೆಲದಲ್ಲಿದ್ದು ಚಿಕಿತ್ಸಕರು ಒಳಗೆ ಬಂದರೆ 2 ನಿಮಿಷ ಹೊರಗೆ, ತಲೆಯ ಗಾಯ, ಗೋಲ್‌ಕೀಪರ್ ಮುಂತಾದವಕ್ಕೆ ವಿನಾಯಿತಿ. ನಿಮ್ಮ ಟೂರ್ನಿಯಲ್ಲಿ ಇಂಥ ಕಟ್ಟಳೆ ಇಲ್ಲದಿದ್ದರೆ ನೀವೇ ಹುಟ್ಟುಹಾಕಬೇಡಿ. ಆದರೆ ಒಳಗೆ ಕರೆಯುವ ಸನ್ನೆ ನಿಮ್ಮ ಕೈಯಲ್ಲಿದೆ, ಅವನ ಪಕ್ಕದಲ್ಲೇ ಚೆಂಡಾಟ ನಡೆಯುತ್ತಿರುವಾಗ ಕರೆಯಬೇಕಿಲ್ಲ. ದಾಳಿಯ ನಡುವೆ ಟಚ್‌ಲೈನ್‌ನಿಂದ ಥಟ್ಟನೆ ಒಬ್ಬ ಒಳನುಗ್ಗಿದರೆ ಎದುರಾಳಿಗೆ ಅನ್ಯಾಯ.

ಗಾಯಕ್ಕಾಗಿಯೇ ಆಟ ನಿಲ್ಲಿಸಿದ್ದರೆ ಮತ್ತೆ ಶುರುವಾಗುವುದು ಡ್ರಾಪ್ ಬಾಲ್‌ನಿಂದ, ಅಂದರೆ ರೆಫರಿ ಒಬ್ಬ ಆಟಗಾರನ ಮುಂದೆ ಚೆಂಡನ್ನು ಕೆಳಗೆ ಬಿಡುವುದರಿಂದ. ಚೆಂಡು ಪೆನಾಲ್ಟಿ ಪ್ರದೇಶದಲ್ಲಿದ್ದರೆ ಅಲ್ಲಿನ ಗೋಲ್‌ಕೀಪರ್‌ಗೆ. ಹೊರಗಿದ್ದರೆ ಚೆಂಡು ಯಾರ ಬಳಿ ಇತ್ತೋ, ಅಥವಾ ಯಾರಿಗೆ ಸಿಗುವುದು ನಿಚ್ಚಳವಾಗಿತ್ತೋ ಆ ತಂಡದ ಒಬ್ಬನಿಗೆ. ನಿಚ್ಚಳವಿಲ್ಲದಿದ್ದರೆ ಕೊನೆಗೆ ಮುಟ್ಟಿದ ತಂಡಕ್ಕೆ. ಉಳಿದವರೆಲ್ಲ 4 ಮೀಟರ್ ದೂರ. ಚೆಂಡನ್ನು ಹೊರಗೆ ಒದ್ದು ಆಟ ನಿಲ್ಲಿಸುವ ಹಳೆಯ ಸೌಜನ್ಯ, ಅದನ್ನು ವಾಪಸ್ ಕೊಟ್ಟರೋ ಇಲ್ಲವೋ ಎಂಬ ಜಗಳ ಎರಡೂ ಇದರಿಂದ ಕಡಿಮೆಯಾಗುತ್ತವೆ. ಸೀಟಿ ಊದುವವರೆಗೆ ಆಡಿ ಎಂದು ಆಟಗಾರರಿಗೆ ಧೈರ್ಯವಾಗಿ ಹೇಳಿ.

ನಾಟಕ ಎಂದು ಯಾವಾಗ ಹೇಳಬಹುದು

ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಪಾಲ್ ಮಾರಿಸ್ ಮತ್ತು ಡೇವಿಡ್ ಲೂಯಿಸ್ ಎಂಬ ಮನಶ್ಶಾಸ್ತ್ರಜ್ಞರು ಬೇಕೆಂದೇ ಬೀಳುವ ಆಟಗಾರರ ಚಲನೆಯನ್ನು ಅಧ್ಯಯನ ಮಾಡಿ ಕೆಲವು ಗುರುತುಗಳನ್ನು ಹೇಳಿದ್ದಾರೆ, ಮೈದಾನದಲ್ಲಿ ಅವು ಕೆಲಸಕ್ಕೆ ಬರುತ್ತವೆ. ತಾಗಿದ್ದಕ್ಕೂ ಬಿದ್ದದ್ದಕ್ಕೂ ನಡುವೆ ವಿರಾಮ ಇದೆಯೇ? ತಾಗಿದ ಬಲಕ್ಕೂ ಉರುಳಿದ ದೂರಕ್ಕೂ ತಾಳೆಯಾಗುತ್ತದೆಯೇ? ತಾಗಿದ ಜಾಗವನ್ನೇ ಹಿಡಿದುಕೊಂಡನೇ? ಕೊನೆಯದು ಕಣ್ಣಿಗೆ ಎದ್ದು ಕಾಣುವಂಥದ್ದು: ತಲೆ ಹಿಂದಕ್ಕೆ, ಎದೆ ಮುಂದಕ್ಕೆ, ಎರಡೂ ತೋಳು ಮೇಲಕ್ಕೆ, ಎರಡೂ ಮಂಡಿ ಮಡಚಿ ಪಾದ ನೆಲ ಬಿಟ್ಟು, ಇಡೀ ಮೈ ಬಿಲ್ಲಿನಂತೆ ಬಾಗಿರುತ್ತದೆ. ನಿಜವಾಗಿ ಮುಗ್ಗರಿಸಿದವನ ಕೈ ಮೇಲೆ ಹೋಗುವುದಿಲ್ಲ, ಬೀಳುವ ನೆಲವನ್ನು ತಡೆಯಲು ಮುಂದಕ್ಕೋ ಕೆಳಕ್ಕೋ ಚಾಚುತ್ತದೆ.

ತಾಗಿದ ಜಾಗ ಬೇರೆ, ಹಿಡಿದ ಜಾಗ ಬೇರೆ ಎಂಬುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ 2002ರ ವಿಶ್ವಕಪ್‌ನದು. ಟರ್ಕಿಯ ಹಕನ್ ಉನ್ಸಾಲ್ ಒದ್ದ ಚೆಂಡು ಬ್ರೆಜಿಲ್‌ನ ರಿವಾಲ್ಡೊ ಅವರ ಕಾಲಿಗೆ ತಾಗಿತು, ಅವರು ಮುಖ ಹಿಡಿದುಕೊಂಡು ಬಿದ್ದರು. ಉನ್ಸಾಲ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಆಮೇಲೆ ಫಿಫಾ ರಿವಾಲ್ಡೊಗೆ 11,500 ಸ್ವಿಸ್ ಫ್ರಾಂಕ್ ದಂಡ ಹಾಕಿತು, ಆದರೆ ಆ ಪಂದ್ಯಕ್ಕೆ ಅದರಿಂದ ಏನೂ ಆಗಲಿಲ್ಲ.

ಗಾಯದ ನಟನೆಗೆ ಹಳದಿ ಕಾರ್ಡ್ ಇದೆ. ಅದನ್ನು ತೆಗೆಯಬೇಕಾದ್ದು ಇಡೀ ಘಟನೆಯನ್ನು ಅಡ್ಡಿಯಿಲ್ಲದೆ ನೀವೇ ಕಂಡಿದ್ದರೆ, ತಾಗಲೇ ಇಲ್ಲ ಎಂಬುದು ಖಚಿತವಿದ್ದರೆ ಮಾತ್ರ. ಸ್ವಲ್ಪ ತಾಗಿದ್ದನ್ನು ದೊಡ್ಡದು ಮಾಡಿದವನಿಗೆ ಕಾರ್ಡ್ ಕೊಡಲು ಹೋದರೆ ಹತ್ತರಲ್ಲಿ ಒಮ್ಮೆಯಾದರೂ ನಿಜವಾದ ಗಾಯಾಳುವನ್ನು ಶಿಕ್ಷಿಸುತ್ತೀರಿ. ಅದು ಆಗಕೂಡದು. ಅನುಮಾನವಷ್ಟೇ ಇದ್ದರೆ ಫಿಸಿಯೋವನ್ನು ಕರೆಯಿರಿ, ಅವನನ್ನು ಹೊರಗೆ ಕಳುಹಿಸಿ, ವಾಚು ಓಡಲಿ. ನಿಜವಿದ್ದರೆ ಚಿಕಿತ್ಸೆ ಸಿಕ್ಕಿತು, ಸುಳ್ಳಿದ್ದರೆ ಅವನ ತಂಡ ಹತ್ತು ಜನರಲ್ಲಿ ಆಡಿತು, ಸಮಯವೂ ವಾಪಸ್ ಬಂತು.

ಗೋಲ್‌ಕೀಪರ್ ಎಂಬ ವಿಶೇಷ ಪ್ರಕರಣ

ಹೊರಗೆ ಹೋಗಬೇಕಿಲ್ಲ ಎಂಬ ವಿನಾಯಿತಿ ಗೊತ್ತಿರುವುದರಿಂದಲೇ ಸಂಕಟದಲ್ಲಿರುವ ತಂಡದ ಕೀಪರ್ ಥಟ್ಟನೆ ಕೂತುಬಿಡುತ್ತಾನೆ. ಅವನಿಗೆ ಚಿಕಿತ್ಸೆ ನಡೆಯುವಾಗ ಉಳಿದ ಹತ್ತು ಜನ ಬೆಂಚಿನ ಬಳಿ ಸೇರಿ ಕೋಚಿನಿಂದ ಪಾಠ ಕೇಳುತ್ತಾರೆ. ಎದುರಾಳಿಯ ಬಿಸಿ ಆರುತ್ತದೆ. ಇಲ್ಲಿ ನಿಮ್ಮ ಕೈಯಲ್ಲಿರುವುದು ಮೂರು. ಸ್ಟಾಪ್‌ವಾಚನ್ನು ಎಲ್ಲರಿಗೂ ಕಾಣುವಂತೆ ಒತ್ತಿ. ನಾಯಕನನ್ನು ಕರೆದು, ಆಟಗಾರರು ತಮ್ಮ ತಮ್ಮ ಜಾಗದಲ್ಲೇ ಇರಲಿ ಎಂದು ಹೇಳಿ, ಲೈನ್ಸ್‌ಮನ್ ಬೆಂಚಿನ ಮುಂದೆ ನಿಲ್ಲಲಿ. ಯಾರೂ ಮುಟ್ಟದೆ ಎರಡನೇ ಸಲ ಕೂತರೆ, ಕೀಪರ್ ಮುಂದುವರಿಯಬಲ್ಲನೇ, ಬದಲಿ ಕೀಪರ್ ಸಿದ್ಧನಾಗಬೇಕೇ ಎಂದು ಫಿಸಿಯೋವನ್ನು ನೇರವಾಗಿ ಕೇಳಿ. ಗದರುವುದು ಬೇಡ, ಕೀಪರ್‌ಗೆ ನಿಜವಾಗಿಯೂ ಪೆಟ್ಟಾಗಿರಬಹುದು, ತಲೆಗೆ ಪೆಟ್ಟು ತಿನ್ನುವ ಸ್ಥಾನವೇ ಅದು. 2022ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಇರಾನ್ ಕೀಪರ್ ಅಲಿರೆಝಾ ಬೇರಾನ್ವಂದ್ ತಮ್ಮದೇ ತಂಡದವನಿಗೆ ಡಿಕ್ಕಿ ಹೊಡೆದು, ದೀರ್ಘ ಚಿಕಿತ್ಸೆ ಪಡೆದು ಮತ್ತೆ ಆಡಲು ನಿಂತು, ಸ್ವಲ್ಪ ಹೊತ್ತಿಗೇ ಸ್ಟ್ರೆಚರ್ ಮೇಲೆ ಹೊರಗೆ ಹೋದರು. ಆ ಅರ್ಧಕ್ಕೆ 14 ನಿಮಿಷ ಸೇರಿಸಲಾಯಿತು. ಸಮಯದ ಲೆಕ್ಕ ಸರಿಯಾಗಿತ್ತು, ಅವರನ್ನು ಮತ್ತೆ ಆಡಲು ಬಿಟ್ಟದ್ದು ಸರಿಯಾಗಿರಲಿಲ್ಲ.

ಕೈಯಲ್ಲಿ ಚೆಂಡು ಹಿಡಿದು ಕೂರುವುದಕ್ಕೆ ಈಗ 8 ಸೆಕೆಂಡಿನ ಮಿತಿ. ಹಿಂದೆ 6 ಸೆಕೆಂಡು ಮೀರಿದರೆ ಎದುರಾಳಿಗೆ ಪರೋಕ್ಷ ಫ್ರೀ ಕಿಕ್ (ನೇರವಾಗಿ ಒದ್ದು ಗೋಲು ಗಳಿಸಲಾಗದ ಫ್ರೀ ಕಿಕ್) ಇತ್ತು, ಶಿಕ್ಷೆ ದೊಡ್ಡದೆಂದು ರೆಫರಿಗಳು ಕೊಡುತ್ತಲೇ ಇರಲಿಲ್ಲ. 2025–26ರಿಂದ ಮೀರಿದರೆ ಎದುರಾಳಿಗೆ ಕಾರ್ನರ್, ಕೀಪರ್ ನಿಂತಿದ್ದ ಜಾಗಕ್ಕೆ ಹತ್ತಿರದ ಮೂಲೆಯಿಂದ. ಚೆಂಡು ಪೂರ್ತಿ ಅವನ ಹಿಡಿತಕ್ಕೆ ಬಂದ ಕ್ಷಣದಿಂದ ಮನಸ್ಸಿನಲ್ಲಿ ಎಣಿಸಿ, ಕೊನೆಯ 5 ಸೆಕೆಂಡನ್ನು ಕೈ ಎತ್ತಿ ಬೆರಳು ಮಡಚುತ್ತಾ ತೋರಿಸಿ. ಎದುರಾಳಿ ಅಡ್ಡ ನಿಂತು ಬಿಡದಿದ್ದರೆ ಎಣಿಕೆ ಸಲ್ಲದು, ತಪ್ಪು ಅಡ್ಡ ನಿಂತವನದು.

ಬೀಳದೆಯೂ ಸಮಯ ತಿನ್ನುವ ಬಗೆಗಳು

ಚೆಂಡನ್ನು ಗೋಲ್ ಏರಿಯಾದ ಒಂದು ಮೂಲೆಯಲ್ಲಿ ಇಟ್ಟು, ಮನಸ್ಸು ಬದಲಿಸಿ ಇನ್ನೊಂದಕ್ಕೆ ಒಯ್ಯುವ ಕೀಪರ್. ಥ್ರೋ-ಇನ್‌ಗೆ ಕೈ ಎತ್ತಿ ಕೊನೆಗೆ ಚೆಂಡನ್ನು ಇನ್ನೊಬ್ಬನಿಗೆ ಬಿಟ್ಟುಹೋಗುವವನು. ಫೌಲ್ ಆದ ಮೇಲೆ ಚೆಂಡನ್ನು ಎತ್ತಿಕೊಂಡು ನಡೆಯುವವನು. ಬೇಕೆಂದೇ ತಪ್ಪು ಜಾಗದಿಂದ ಫ್ರೀ ಕಿಕ್ ತೆಗೆದು ಮತ್ತೆ ಒದೆಯುವಂತೆ ಮಾಡುವವನು. ಇವೆಲ್ಲ ಆಟದ ಪುನರಾರಂಭ ತಡಮಾಡುವ ಅಪರಾಧ, ಶಿಕ್ಷೆ ಹಳದಿ ಕಾರ್ಡ್. ಬದಲಾವಣೆಯಲ್ಲಿ ಹೊರಹೋಗುವವನು ತನಗೆ ಹತ್ತಿರದ ಗೆರೆಯಿಂದಲೇ ಹೊರಗೆ ಹೋಗಬೇಕು. ಮೈದಾನದ ಆ ತುದಿಯಿಂದ ಬೆಂಚಿನವರೆಗೆ ಎಲ್ಲರ ಕೈ ಕುಲುಕುತ್ತಾ ನಡೆಯಲು ಬಿಡಬೇಡಿ, ಹೋಗಬೇಕಾದ ಕಡೆ ಕೈ ತೋರಿಸಿ.

ಕಾರ್ಡ್ ಯಾವಾಗ ಎಂಬುದೇ ಮುಖ್ಯ. 89ನೇ ನಿಮಿಷದ ಹಳದಿ ಕಾರ್ಡ್‌ಗೆ ಯಾರೂ ಹೆದರುವುದಿಲ್ಲ, ಕಾರ್ಡ್ ತೋರಿಸುವ ಅರ್ಧ ನಿಮಿಷವೂ ಅವರ ಖಾತೆಗೇ ಹೋಗುತ್ತದೆ. ಮೊದಲ ಸಲ ಮಾತು. ಎರಡನೇ ಸಲ ಎಲ್ಲರಿಗೂ ಕಾಣುವಂತೆ ವಾಚಿನತ್ತ ಬೆರಳು, ಜೊತೆಗೆ ನಾಯಕನಿಗೆ "ಮುಂದಿನವರು ಯಾರೇ ಆಗಲಿ ಕಾರ್ಡ್" ಎಂಬ ಎಚ್ಚರಿಕೆ. ಮೂರನೇ ಸಲ ಕಾರ್ಡ್, ಅದು 60ನೇ ನಿಮಿಷವಾದರೂ ಸರಿ. ನಾಯಕನಿಗೆ ಹೇಳುವುದು ಏಕೆಂದರೆ ಚಾಲಾಕಿ ತಂಡಗಳು ಸರದಿಯಲ್ಲಿ ತಡಮಾಡುತ್ತವೆ, ಪ್ರತಿಯೊಬ್ಬನಿಗೂ ಅದು "ಮೊದಲ ಸಲ". ಕಾರ್ಡ್ ಕೊಡುವುದಿದ್ದರೆ ಆಟ ಶುರುವಾಗುವ ಮುಂಚೆ ಕೊಡಿ, ಶುರುವಾದ ಮೇಲೆ ಹಿಂದಿನ ತಡಕ್ಕೆ ತೋರಿಸುವಂತಿಲ್ಲ.

ಇಂಜುರಿ ಟೈಮಿನ ಲೆಕ್ಕ

ಏಳನೇ ನಿಯಮದ ಪ್ರಕಾರ ಸೇರಿಸಬೇಕಾದ್ದು: ಬದಲಾವಣೆ, ಗಾಯ, ಕಾಲಹರಣ, ಕಾರ್ಡ್, ನೀರಿನ ವಿರಾಮ, ಗೋಲಿನ ಸಂಭ್ರಮ, ಹಾಗೂ ಆಟವನ್ನು ಬಹಳ ತಡೆದ ಬೇರೆ ಯಾವುದೇ ಕಾರಣ. ಸಹಜ ವೇಗದ ಥ್ರೋ-ಇನ್, ಗೋಲ್ ಕಿಕ್‌ಗಳ ಸಮಯ ಸೇರುವುದಿಲ್ಲ, ಅತಿಯಾದ ತಡ ಮಾತ್ರ ಸೇರುತ್ತದೆ.

ಒಂದು ಎರಡನೇ ಅರ್ಧ ಹೀಗಿತ್ತು ಎಂದುಕೊಳ್ಳಿ. ನಾಲ್ಕು ಬದಲಾವಣೆಯ ವಿರಾಮ, ತಲಾ 30 ಸೆಕೆಂಡಿನಂತೆ 2 ನಿಮಿಷ. ಒಂದು ಗಾಯ, 1 ನಿಮಿಷ 50 ಸೆಕೆಂಡು. ಗೋಲಿನ ಸಂಭ್ರಮ 50 ಸೆಕೆಂಡು. ಕಾರ್ಡಿನ ವಾಗ್ವಾದ 40. ಐದು ಗೋಲ್ ಕಿಕ್‌ಗಳಲ್ಲಿ ತಲಾ 10 ಸೆಕೆಂಡು ಎಳೆದದ್ದು 50. ಒಟ್ಟು 6 ನಿಮಿಷ 10 ಸೆಕೆಂಡು, ಅಂದರೆ ತೋರಿಸಬೇಕಾದ್ದು 6. "ಎಲ್ಲಾ ಪಂದ್ಯಕ್ಕೂ 3" ಎಂದು ಅಭ್ಯಾಸಬಲದಿಂದ ತೋರಿಸುವವರು ಇಲ್ಲಿ ಹಿಂದಿರುವ ತಂಡದಿಂದ ಮೂರು ನಿಮಿಷಕ್ಕೂ ಹೆಚ್ಚು ಕಿತ್ತುಕೊಂಡಂತೆ.

ತೋರಿಸಿದ 6 ಕನಿಷ್ಠ, ಹೆಚ್ಚಿಸಬಹುದು, ಕಡಿಮೆ ಮಾಡುವಂತಿಲ್ಲ. ಇಂಜುರಿ ಟೈಮಿನಲ್ಲೇ ಕೀಪರ್ 92.10ಕ್ಕೆ ಬಿದ್ದು 93.55ಕ್ಕೆ ಎದ್ದರೆ ಆ 1 ನಿಮಿಷ 45 ಸೆಕೆಂಡೂ ಸೇರಬೇಕು. ಕೊನೆಯ ಸೀಟಿ 97.55ಕ್ಕಿಂತ ಮುಂಚೆ ಬರಕೂಡದು. 96 ಆದ ಕೂಡಲೇ ಊದಿಬಿಡುವುದು ತೀರಾ ಸಾಮಾನ್ಯ ತಪ್ಪು, ಕಾಲಹರಣಕ್ಕೆ ಅದಕ್ಕಿಂತ ದೊಡ್ಡ ಬಹುಮಾನವಿಲ್ಲ. ಮೊದಲರ್ಧದಲ್ಲಿ ಲೆಕ್ಕ ತಪ್ಪಿದರೆ ಎರಡನೇ ಅರ್ಧದಲ್ಲಿ ಸರಿದೂಗಿಸಲು ನಿಯಮ ಬಿಡುವುದಿಲ್ಲ. ನಾಲ್ಕನೇ ಅಧಿಕಾರಿ ಇಲ್ಲದಿದ್ದರೆ 45ನೇ ನಿಮಿಷ ಮುಗಿಯುವಾಗ ಬೆರಳೆತ್ತಿ ಎರಡೂ ಬೆಂಚಿಗೆ ತೋರಿಸಿ, ನಾಯಕರಿಗೆ ಬಾಯಲ್ಲೂ ಹೇಳಿ.

ಪಂದ್ಯ ಮುಗಿದ ಮೇಲೆ

ಗಾಯದ ವಿವರವನ್ನು ಅಂದೇ ಬರೆದಿಡಿ: ಜೆರ್ಸಿ ಸಂಖ್ಯೆ, ನಿಮಿಷ, ಹೇಗಾಯಿತು, ಯಾರು ಪರೀಕ್ಷಿಸಿದರು, ಆಟ ಮುಂದುವರಿಸಲು ಯಾರು ಒಪ್ಪಿಗೆ ಕೊಟ್ಟರು. ನೀವು ಕಂಡದ್ದನ್ನಷ್ಟೇ ಬರೆಯಿರಿ, ರೋಗದ ಹೆಸರು ಹಾಕಬೇಡಿ. "ಎದ್ದಾಗ ತೂರಾಡಿದ, ಸ್ಕೋರ್ ಕೇಳಿದಾಗ ತಪ್ಪು ಹೇಳಿದ" ಎಂಬುದು ವೈದ್ಯರಿಗೆ ಬೇಕಾದ ಮಾಹಿತಿ. ತಲೆಗೆ ಪೆಟ್ಟಾದವನು ಆ ರಾತ್ರಿ ಒಬ್ಬನೇ ಇರಬಾರದು, ಗಾಡಿ ಓಡಿಸಬಾರದು ಎಂದು ತಂಡದ ಮ್ಯಾನೇಜರ್‌ಗೆ ಹೇಳಿ. ಅವನನ್ನು ಮನೆಗೆ ಕರೆದೊಯ್ಯುವವರು ಯಾರು ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಮೈದಾನದಿಂದ ಹೊರಡಿ.